ಐಲಾಳ ಹತ್ತನೆಯ ರುಜು

ಚರ್ಚಿನ ಬಾಗಿಲಲ್ಲಿ

ಫಿನ್ಲೆಂಡಿಗೆ ಹೋದ ಮೂರನೆಯ ದಿನವೇ ಭಾನುವಾರ ಬಂತು. ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಾನು ಒಳಗೆ ಹೋದೆ. ದೇವರಿರುವ ಜಾಗ ಕಂಡರೆ ಕಾಲು ತಾನಾಗಿಯೇ ಚಪ್ಪಲಿ ಕಳಚುತ್ತದೆ. ತಲೆಯನ್ನು ಕೇಳುವ ಪದ್ಧತಿ ಅದಕ್ಕಿಲ್ಲ. ಬೆಂಚಿನ ಮೇಲೆ ಕುಳಿತು ಅಕ್ಕಪಕ್ಕ ನೋಡಿದರೆ ಎಲ್ಲರ ಕಾಲಲ್ಲೂ ಬೂಟು. ಎದ್ದು ಹೋಗಿ ಹಾಕಿಕೊಂಡು ಬರಲೇ ಎನ್ನುವಷ್ಟರಲ್ಲಿ ಹಾಡು ಶುರುವಾಯಿತು. ಹಾಡಿನ ನಡುವೆ ಕಪ್ಪು ಕೋಟಿನ ಪರಿಚಾರಕರೊಬ್ಬರು ನನ್ನ ಚಪ್ಪಲಿಗಳನ್ನು ಎರಡು ಅಂಗೈ ಮೇಲೆ ಇಟ್ಟುಕೊಂಡು, ಮಂಗಳಾರತಿ ತಟ್ಟೆ ತರುವ ಹಾಗೆ, ಪ್ರತಿ ಬೆಂಚಿನ ಮುಂದೂ ನಿಂತು ನಿಂತು ಬರತೊಡಗಿದರು. ಯಾರೋ ಮರೆತು ಬಿಟ್ಟಿದ್ದಾರೆ ಎಂದು ಅವರ ಲೆಕ್ಕ. ನಾನು ಸೀರೆಯಂಚಿನೊಳಗೆ ಕಾಲು ಎಳೆದುಕೊಂಡೆ. ಪಕ್ಕದಲ್ಲಿದ್ದ ನನ್ನ ತಂಗಿಯ ಮಗಳು ಐಲಾ ನಗು ತಡೆಯಲಾರದೆ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು, ಕೊನೆಗೆ ಬೆರಳೆತ್ತಿ ನನ್ನನ್ನು ತೋರಿಸಿದಳು. ಆತ ನಗಲಿಲ್ಲ. ಬಗ್ಗಿ ನನ್ನ ಪಾದದ ಹತ್ತಿರ ಎರಡೂ ಚಪ್ಪಲಿಯನ್ನು ಜೋಡಿಸಿಟ್ಟು, ತಲೆ ಬಾಗಿಸಿ ಹೊರಟುಹೋದರು.

ಮನೆಗೆ ಬಂದ ಮೇಲೆ ತಂಗಿಯನ್ನು ಕೇಳಿದೆ. "ಅಲ್ಲ ಕಣೆ, ನಿಮ್ಮ ಮನೆಯೊಳಗೆ ಒಬ್ಬರೂ ಬೂಟು ಹಾಕ್ಕೊಂಡು ಬರಲ್ಲ. ದೇವರ ಮನೆಗೆ ಹಾಕ್ಕೊಂಡೇ ಹೋಗ್ತೀರಲ್ಲ?"

"ಅಲ್ಲಿ ನೆಲ ಭಾಳ ತಣ್ಣಗಿರ್ತೈತಿ ಅಕ್ಕ. ದೇವರು ಕರುಣಾಮಯಿ" ಎಂದಳು.

ಈ ತಂಗಿ ನಾಗವೇಣಿ, ಶಿಕಾರಿಪುರದ ನಮ್ಮ ತವರಿನಲ್ಲಿ ಎಲ್ಲರಿಗೂ ವೇಣಿ. ನರ್ಸಿಂಗ್ ಓದಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಆ ದೇಶಕ್ಕೆ ಹೋದವಳು ಅಲ್ಲೇ ಯುಕ್ಕಾ ಎಂಬ ಬಡಗಿಯನ್ನು ಮದುವೆಯಾದಳು. ಲಿಂಗವಂತರ ಮನೆಯ ಹುಡುಗಿ ಲೂಥರನ್ ಚರ್ಚಿನಲ್ಲಿ ಮದುವೆಯಾದದ್ದಕ್ಕೆ ತವರಿನಲ್ಲಿ ಕೆಲವು ವರ್ಷ ಅವಳ ಹೆಸರು ಎತ್ತುತ್ತಿರಲಿಲ್ಲ. ಆಮೇಲೆ ಮಕ್ಕಳಾದವು, ಫೋಟೋ ಬಂದವು, ಮಾತು ಬಂತು. ದೊಡ್ಡವಳು ಐಲಾ, ಹದಿನೈದು. ಚಿಕ್ಕವಳು ಸಿರಿ, ಆರು.

ಐಲಾಳ ದೃಢೀಕರಣಕ್ಕೆ ಬಾ ಎಂದು ವೇಣಿ ಕರೆದಿದ್ದಳು. ಅವರಲ್ಲಿ ಹಸುಗೂಸಿಗೇ ದೀಕ್ಷಾಸ್ನಾನ ಮಾಡಿಸುತ್ತಾರೆ. ಕೂಸಿಗೆ ಮಾತು ಬಾರದ ಕಾರಣ ಅಪ್ಪ ಅಮ್ಮ ಅದರ ಪರವಾಗಿ "ಹೌದು" ಎನ್ನುತ್ತಾರೆ. ಹದಿನೈದು ವರ್ಷಕ್ಕೆ ಆ ಮಗು ಸಭೆಯ ಎದುರು ನಿಂತು ತನ್ನ ಬಾಯಿಂದ ಅದನ್ನೇ ಹೇಳಬೇಕು. ಎಳೆಗೂಸಿಗೆ ಲಿಂಗ ಕಟ್ಟುವ ನಮಗೆ ಇದರ ಮೊದಲರ್ಧ ಹೊಸದಲ್ಲ. ದೊಡ್ಡದಾದ ಮೇಲೆ ಮಗುವನ್ನೇ ಕೇಳುತ್ತಾರಲ್ಲ, ಅದು ಹೊಸದು.

ನನಗೆ ಇದರಲ್ಲಿ ಒಂದು ಸ್ವಂತ ಆಸಕ್ತಿಯೂ ಇತ್ತು. ಸೊರಬದ ನಮ್ಮ ಬೀದಿಯ ಮಕ್ಕಳನ್ನು ಪ್ರತಿ ಸೋಮವಾರ ಸಂಜೆ ಮಠದ ಪಡಸಾಲೆಯಲ್ಲಿ ಕೂರಿಸಿ ವಚನ, ಲಿಂಗಪೂಜೆ ಕಲಿಸುವುದು ನನ್ನ ಬಹಳ ವರ್ಷದ ಕೆಲಸ. ಮಂಡಕ್ಕಿ ಉಂಡೆಯ ಆಸೆಗೆ ಐದು ವರ್ಷದವು ಓಡಿ ಬರುತ್ತವೆ. ಹನ್ನೆರಡಕ್ಕೆ ಟ್ಯೂಷನ್ ಶುರು, ಹದಿಮೂರಕ್ಕೆ ನಾಚಿಕೆ ಶುರು. ಎಂಟನೇ ಕ್ಲಾಸು ದಾಟಿದ ಮೇಲೆ ಒಂದು ಮಗುವೂ ನನ್ನ ಪಡಸಾಲೆಗೆ ಬಂದದ್ದಿಲ್ಲ. ಅಲ್ಲಿಯವರು ಹದಿನೈದರ ಮಕ್ಕಳನ್ನು ಹೇಗೆ ಹಿಡಿದಿಡುತ್ತಾರೆ ಎಂದು ನೋಡಬೇಕಿತ್ತು. ಇದನ್ನು ಹೇಳಿದ್ದಕ್ಕೆ ನಮ್ಮ ಮನೆಯವರು ಬಟ್ಟೆ ಅಂಗಡಿಯ ಗಲ್ಲಾದಿಂದ ತಲೆ ಎತ್ತದೆಯೇ, "ಎಂತ ಮಾರಾಯ್ತಿ, ಸೊರಬದ ಮಕ್ಕಳನ್ನು ಉದ್ಧಾರ ಮಾಡಿ ಮುಗೀತಾ?" ಎಂದಿದ್ದರು.

ಕೆರ್ತು ಅವರ ಅಡುಗೆಮನೆ

ಯುಕ್ಕಾನ ತಾಯಿ ಕೆರ್ತು, ಎಂದರೆ ನಮ್ಮ ಬೀಗಿತ್ತಿ, ಅದೇ ಅಂಗಳದ ಇನ್ನೊಂದು ಪುಟ್ಟ ಮನೆಯಲ್ಲಿರುತ್ತಾರೆ. ಎಪ್ಪತ್ತೆಂಟರ ಮೇಲಿನ ವಯಸ್ಸು. ಅವರಿಗೆ ಫಿನ್ನಿಷ್ ಬಿಟ್ಟು ಬೇರೆ ಬಾರದು, ನನಗೆ ಅದೊಂದು ಬಾರದು. ಇಬ್ಬರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಅವರ ಅಡುಗೆಮನೆಯಲ್ಲಿ ನಮ್ಮ ನಮ್ಮ ಭಾಷೆಯಲ್ಲಿ ಮಾತಾಡಿಕೊಂಡು ಕೆಲಸ ಮಾಡುತ್ತಿದ್ದೆವು. ಒಂದು ದಿನವೂ ಜಗಳವಾಗಲಿಲ್ಲ. ಮೂರನೆಯ ಭಾನುವಾರದ ದೃಢೀಕರಣಕ್ಕೆ ನಲವತ್ತು ಜನ ನೆಂಟರು ಬರುವವರಿದ್ದರು. ಅವರಿಗಾಗಿ ಕೆರ್ತು ದಿನಕ್ಕೊಂದು ಸಲ ಸಿಹಿ ಬನ್ನು ಬೇಯಿಸಿ ಫ್ರೀಜರಿಗೆ ಹಾಕುತ್ತಿದ್ದರು. ಹಿಟ್ಟಿಗೆ ಕುಟ್ಟಿ ಹಾಕಿದ ಏಲಕ್ಕಿಯ ಪರಿಮಳಕ್ಕೆ ನನಗೆ ಮೊದಲ ದಿನ ಆಶ್ಚರ್ಯವಾಯಿತು. ನಮ್ಮ ಮಲೆನಾಡಿನ ಏಲಕ್ಕಿ ಇಷ್ಟು ದೂರ ಬಂದು ಇವರ ಹಬ್ಬದ ತಿಂಡಿಯಾಗಿದೆ, ನಮ್ಮಲ್ಲಿ ಯಾರಿಗೂ ಸುದ್ದಿಯಿಲ್ಲ.

ಮಕ್ಕಳಿಗೆ ದೇವರನ್ನು ಕಲಿಸುವುದಕ್ಕೆ ಅವರಲ್ಲಿ ಪ್ರತ್ಯೇಕ ಗದ್ದಲವಿಲ್ಲ. ಊಟಕ್ಕೆ ಮುಂಚೆ ನಾಲ್ಕು ಸಾಲಿನ ಒಂದು ಹಾಡು. ಸಿರಿ ಮಲಗುವ ಹೊತ್ತಿಗೆ ಕೆರ್ತು ಬಂದು ಮಂಚದ ಅಂಚಿಗೆ ಕೂರುತ್ತಾರೆ. ಅಜ್ಜಿ ಮೊಮ್ಮಗಳು ಕೈ ಜೋಡಿಸಿ, ದೇವರು ಯಾರು ಯಾರನ್ನು ಕಾಯಬೇಕೆಂದು ಒಬ್ಬೊಬ್ಬರ ಹೆಸರಾಗಿ ಹೇಳುತ್ತಾರೆ. ಮೂರನೆಯ ದಿನ ಆ ಪಟ್ಟಿಗೆ ನಾನೂ ಸೇರಿದೆ. ಬೆಕ್ಕಿನ ಹೆಸರು, ಬಸ್ಸಿನ ಡ್ರೈವರನ ಹೆಸರು, ಶಾಲೆಯಲ್ಲಿ ಕೂದಲು ಎಳೆದ ಹುಡುಗಿಯ ಹೆಸರೂ ಇತ್ತು. ಒಂದು ದಿನ ಸಿರಿ ಆ ಹುಡುಗಿಯನ್ನು ಬೇಕೆಂದೇ ಬಿಟ್ಟಳಂತೆ. ಕೆರ್ತು ಬಯ್ಯಲಿಲ್ಲ, ನೆನಪಿಸಲೂ ಇಲ್ಲ. ಕೈ ಜೋಡಿಸಿಕೊಂಡು ಕಾಯುತ್ತಾ ಕುಳಿತರು. ಬಹಳ ಹೊತ್ತಾದ ಮೇಲೆ ಸಿರಿ ದೊಡ್ಡದಾಗಿ ಉಸಿರು ಬಿಟ್ಟು ಆ ಹೆಸರು ಹೇಳಿ ಮಲಗಿದಳು. ನನ್ನ ಸೋಮವಾರದ ಪಾಠದಲ್ಲಿ ಒಂದು ಶಬ್ದ ತಪ್ಪಿದರೂ ನಿಲ್ಲಿಸಿ ಮತ್ತೆ ಹೇಳಿಸುವವಳು ನಾನು. ಹಾಗೆ ಕಾಯುವುದು ನನಗೆ ಬರುವುದಿಲ್ಲ.

ಚರ್ಚಿನಲ್ಲೂ ಅದೇ ತಾಳ್ಮೆ. ಹಿಂದಿನ ಮೂಲೆಯಲ್ಲಿ ಕಂಬಳಿ ಹಾಸಿ, ಮರದ ಆಟಿಕೆ, ಬಣ್ಣದ ಪೆನ್ಸಿಲ್ಲು ಇಟ್ಟಿರುತ್ತಾರೆ. ಮಕ್ಕಳು ಓಡುತ್ತವೆ, ಬೀಳುತ್ತವೆ, ಅಳುತ್ತವೆ. ಪ್ರವಚನ ನಿಲ್ಲುವುದಿಲ್ಲ, ಯಾರೂ ತಿರುಗಿ ಕಣ್ಣು ಬಿಡುವುದಿಲ್ಲ. ಗೋಡೆಯ ಮೇಲೆ ಒಂದು ಮರದ ಚಿತ್ರ. ಅದರ ಕೊಂಬೆಗಳಲ್ಲಿ ಕಟ್ಟಿಗೆಯ ಪುಟ್ಟ ಹಕ್ಕಿಗಳು. ಒಂದೊಂದು ಹಕ್ಕಿಯ ಮೇಲೆ ಆ ವರ್ಷ ದೀಕ್ಷಾಸ್ನಾನವಾದ ಒಂದೊಂದು ಕೂಸಿನ ಹೆಸರು. ವರ್ಷ ತುಂಬಿದಾಗ ಆ ಹಕ್ಕಿಯನ್ನು ಮನೆಗೆ ಕೊಟ್ಟು ಕಳಿಸುತ್ತಾರೆ. ದೊಡ್ಡ ಮಕ್ಕಳ ಗುಟ್ಟು ಏನೆಂದು ವೇಣಿಯನ್ನು ಕೇಳಿದ್ದಕ್ಕೆ, "ಗುಟ್ಟೇನಿಲ್ಲ, ಕೆಲಸ ಹಚ್ತಾರೆ" ಎಂದಳು. ಹೋದ ವರ್ಷ ದೃಢೀಕರಣವಾದವರು ಈ ವರ್ಷ ಚಿಕ್ಕವರ ಕ್ಯಾಂಪಿನಲ್ಲಿ ಹಾಡು ಹೇಳಿಸುವವರು, ಆಟ ಆಡಿಸುವವರು. ನಾನು ಮಕ್ಕಳು ಕೈ ಬಿಟ್ಟವೆಂದು ದುಃಖಪಡುವ ವಯಸ್ಸಿನಲ್ಲೇ ಇವರು ಮಕ್ಕಳ ಕೈಗೆ ಕೀಲಿಕೈ ಕೊಡುತ್ತಾರೆ. ಇದನ್ನು ನನ್ನ ಪುಸ್ತಕದಲ್ಲಿ ಅಡಿಗೆರೆ ಹಾಕಿ ಬರೆದುಕೊಂಡೆ.

ಎರಡನೆಯ ಭಾನುವಾರ

ದೃಢೀಕರಣಕ್ಕೆ ನಿಲ್ಲುವ ಮಕ್ಕಳಿಗೆ ಒಂದು ಹಳದಿ ಚೀಟಿ ಕೊಟ್ಟಿರುತ್ತಾರೆ. ಅದರಲ್ಲಿ ಹತ್ತು ಮನೆ. ಒಂದೊಂದು ಸಲ ಪ್ರಾರ್ಥನೆಗೆ ಹೋದಾಗಲೂ ಪಾಸ್ಟರೋ, ಅಲ್ಲಿದ್ದ ದೊಡ್ಡವರು ಯಾರಾದರೂ ಒಂದು ಮನೆಯಲ್ಲಿ ರುಜು ಹಾಕಬೇಕು. ಹತ್ತೂ ತುಂಬಿದ ಚೀಟಿಯನ್ನು ದೃಢೀಕರಣಕ್ಕೆ ಮುಂಚಿನ ವಾರದ ಕ್ಯಾಂಪಿನ ಮೊದಲ ದಿನ ಒಪ್ಪಿಸಬೇಕು. ತುಂಬದಿದ್ದವರು ಆ ಗುಂಪಿನ ಜೊತೆ ನಿಲ್ಲುವಂತಿಲ್ಲ, ಚಳಿಗಾಲದ ಮುಂಚಿನ ಇನ್ನೊಂದು ಗುಂಪಿಗೆ ಕಾಯಬೇಕು. ಐಲಾಳ ಚೀಟಿಯಲ್ಲಿ ಒಂಬತ್ತು ತುಂಬಿದ್ದವು. ಮಾರನೆಯ ದಿನ ಕ್ಯಾಂಪು.

ಆ ಭಾನುವಾರ ವೇಣಿಗೂ ಯುಕ್ಕಾನಿಗೂ ಕೆಲಸ. ಕೆರ್ತುಗೆ ಸೊಂಟ ನೋವು. ಐಲಾ ಸೈಕಲ್ ತಳ್ಳಿಕೊಂಡು ನನ್ನ ಜೊತೆ ಚರ್ಚಿನವರೆಗೂ ಬಂದಳು. "ದೊಡ್ಡಮ್ಮ, ನೀನು ಒಳಗೆ ಕೂತ್ಕೊ. ಸೈಕಲ್ ನಿಲ್ಸಿ ಬರ್ತೀನಿ" ಎಂದಳು. ಹೋದವಳು ಬರಲಿಲ್ಲ. ಒಂದು ಗಂಟೆ ನಾನೊಬ್ಬಳೇ ಅರ್ಥವಾಗದ ಹಾಡಿಗೆ ಎದ್ದು, ಅರ್ಥವಾಗದ ಪ್ರವಚನಕ್ಕೆ ಕುಳಿತು ಮುಗಿಸಿದೆ. ಹೊರಗೆ ಬಂದರೆ ಮೆಟ್ಟಿಲ ಬಳಿ ನಿಂತಿದ್ದಾಳೆ, ತಲೆಯಿಂದ ನೀರು ತೊಟ್ಟಿಕ್ಕುತ್ತಿದೆ. ಗೆಳತಿಯರ ಜೊತೆ ಕೆರೆಗೆ ಈಜಲು ಹೋಗಿದ್ದಳು.

"ಬಿಸಿಲಿತ್ತು ದೊಡ್ಡಮ್ಮ. ಇಲ್ಲಿ ಬಿಸಿಲು ದಿನಾ ಬರಲ್ಲ" ಎಂದಳು. ಆಮೇಲೆ ಚೀಟಿಯನ್ನೂ ಪೆನ್ನನ್ನೂ ಚಾಚಿದಳು. "ನೀನು ಒಳಗಿದ್ಯಲ್ಲ. ಒಂದು ಸೈನ್ ಹಾಕು. ನಾಳೆ ಕೊಡ್ಬೇಕು."

ಅಂದು ಬಂದಿದ್ದವರು ಬೇರೆ ಊರಿನ ಪಾಸ್ಟರ್. ಆಗಲೇ ಕಾರು ಹತ್ತಿ ಹೋಗಿಯಾಗಿತ್ತು. ನಾನು ಯೋಚಿಸಿದೆನೇ ಎಂದರೆ, ಇಲ್ಲ. ನಮ್ಮ ಬೀದಿಯಲ್ಲಿ ಎಷ್ಟು ಮಕ್ಕಳ ರಜೆ ಚೀಟಿಗೆ "ಜ್ವರ ಬಂದಿತ್ತು" ಎಂದು ಬರೆದು ರುಜು ಹಾಕಿಲ್ಲ? ಮಗು ಕೇಳುತ್ತದೆ, ದೊಡ್ಡವರು ಹಾಕುತ್ತಾರೆ. ಅದನ್ನು ನಾವು ಸುಳ್ಳು ಎನ್ನುವುದಿಲ್ಲ, ಅಕ್ಕರೆ ಎನ್ನುತ್ತೇವೆ. ಚರ್ಚಿನ ಮೆಟ್ಟಿಲ ಮೇಲೆಯೇ ಚೀಟಿಯನ್ನು ಮೊಣಕಾಲಿಗೆ ಇಟ್ಟುಕೊಂಡು "ಗಿರಿಜಾ ರುದ್ರಪ್ಪ, ಸೊರಬ" ಎಂದು ದುಂಡಗೆ ಕನ್ನಡದಲ್ಲಿ ಬರೆದೆ.

ಕೆರೆ ದಡದ ಕ್ಯಾಂಪು

ಅವರು ಕೆರೆ ಎನ್ನುವುದನ್ನು ಕೆರೆ ಎನ್ನಲು ನಮಗೆ ಬಾಯಿ ಬಾರದು. ನಮ್ಮ ಅಂಜನಾಪುರದ ಡ್ಯಾಮು ಭರ್ತಿಯಾಗಿ ನಿಂತಾಗ ಹೇಗಿರುತ್ತದೋ ಅಂಥವು ನಾಲ್ಕು ಸೇರಿದಂತಿತ್ತು. ದಡದಲ್ಲಿ ಕೆಂಪು ಬಣ್ಣದ ಮರದ ಕಟ್ಟಡ, ಇಪ್ಪತ್ತೆರಡು ಮಕ್ಕಳು. ಮಕ್ಕಳನ್ನು ಇಳಿಸಲು ಬಂದ ತಾಯಂದಿರಿಗೆ ಮೊದಲ ಸೂಚನೆ ಏನಿತ್ತೆಂದರೆ, ದಿನಾ ಸಂಜೆ ಮಕ್ಕಳು ಕಾಲು, ಕುತ್ತಿಗೆ ನೋಡಿಕೊಳ್ಳಬೇಕು, ಕಾಡಿನಲ್ಲಿ ರಕ್ತ ಹೀರುವ ಉಣುಗು ಇದೆ. ವೇಣಿ ಅದನ್ನು ಕನ್ನಡಕ್ಕೆ ತಿರುಗಿಸಿದಾಗ ನನಗೆ ನಗು ಬಂತು. ಮಂಗನ ಕಾಯಿಲೆ ಮೊದಲು ಕಂಡ ಕ್ಯಾಸನೂರು ಇರುವ ತಾಲ್ಲೂಕಿನವಳಿಗೆ ಉಣುಗಿನ ಪಾಠ! ಕಾಡಿಗೆ ಹೋಗಿ ಬಂದವರ ಮೈ ನೋಡದೆ ಒಳಗೆ ಬಿಟ್ಟುಕೊಳ್ಳದ ಊರು ನಮ್ಮದು. ಎಲ್ಲೇ ಹೋದರೂ ತಾಯಂದಿರ ಕಣ್ಣು ಮಗುವಿನ ಮೊಣಕಾಲ ಹಿಂದೆಯೇ.

ಪಾಸ್ಟರ್ ಹನ್ನಾ ನಲವತ್ತರ ಹೆಂಗಸು. ರಬ್ಬರ್ ಬೂಟು ಹಾಕಿಕೊಂಡು ಬಾಗಿಲಲ್ಲೇ ನಿಂತು ಚೀಟಿಗಳನ್ನು ತೆಗೆದುಕೊಳ್ಳುತ್ತಿದ್ದರು. ಐಲಾಳ ಚೀಟಿಯನ್ನು ನೋಡಿ, ಇನ್ನೊಮ್ಮೆ ನೋಡಿ, ಬೆಳಕಿಗೆ ಹಿಡಿದರು. ಒಂಬತ್ತು ಗೀಚುಗಳ ಕೆಳಗೆ ನನ್ನ ದುಂಡು ಅಕ್ಷರ. ಮುಖ ಅರಳಿ ಏನೋ ಕೇಳಿದರು. ವೇಣಿ ಆಗ ಕಾರಿನಿಂದ ಹಾಸಿಗೆ ಇಳಿಸುತ್ತಿದ್ದಳು, ಹಾಗಾಗಿ ನಡುವೆ ನಿಂತವಳು ಐಲಾ.

"ಇದು ಯಾವ ಭಾಷೆ ಅಂತ ಕೇಳ್ತಾರೆ."

"ಕನ್ನಡ ಅಂತ ಹೇಳು."

"ಹೇಳಿದೆ. ಭಾಳ ಚಂದ ಐತಿ ಅಂತಾರೆ." ಐಲಾ ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಭುಜದ ಹಿಂದಿನ ಮರ ನೋಡುತ್ತಿದ್ದಳು. "ನಿನ್ನೆ ಚರ್ಚು ಹೆಂಗಿತ್ತು ಅಂತ ಕೇಳ್ತಾರೆ. ನಿನಗೆ ನಾನು ಎಲ್ಲಾ ಅರ್ಥ ಹೇಳಿದೆನಾ ಅಂತ."

ಹನ್ನಾ ನಗುತ್ತಾ ನನ್ನನ್ನೇ ನೋಡುತ್ತಿದ್ದರು.

"ಹೂಂ" ಎಂದೆ. "ಹೇಳಿದ್ಲು. ನನ್ನ ಪಕ್ಕದಲ್ಲೇ ಕೂತಿದ್ಲು."

ಐಲಾ ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಎಳೆದುಕೊಂಡಳು. ಆಮೇಲೆ ಫಿನ್ನಿಷ್‌ನಲ್ಲಿ ಹೇಳಿದಳು. ಆ ಭಾಷೆ ನನಗೆ ಬಾರದು, ಆದರೆ ನನ್ನ ಮಾತು ಎಷ್ಟುದ್ದವಿತ್ತೆಂದು ಗೊತ್ತು. ಅವಳು ಅಷ್ಟನ್ನೂ ಹೇಳಿದಳು. ನಾನು ಆಡಿದ ಸುಳ್ಳನ್ನು ಆ ಮಗು ತನ್ನ ಬಾಯಿಂದಲೇ ಇನ್ನೊಂದು ಭಾಷೆಗೆ ದಾಟಿಸಬೇಕಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹನ್ನಾ ಆ ಚೀಟಿಯನ್ನು ಒಯ್ದು ಸೂಚನಾ ಫಲಕದ ನಡುಮಧ್ಯೆ ಪಿನ್ನು ಚುಚ್ಚಿ ಹಾಕಿದರು. ಈ ಚರ್ಚಿನಲ್ಲಿ ಇಲ್ಲಿಯವರೆಗೆ ಬಂದ ರುಜುಗಳಲ್ಲೆಲ್ಲ ಇದೇ ಚಂದದ್ದು ಎಂದು ಎಲ್ಲರನ್ನೂ ಕರೆದರು. ಮಕ್ಕಳು ಮುತ್ತಿಕೊಂಡವು. ನಮ್ಮ ಹೆಸರು ಬರೆದುಕೊಡಿ, ನಮ್ಮ ಹೆಸರು ಬರೆದುಕೊಡಿ ಎಂದು ಸಾಲು ನಿಂತವು. ಇಪ್ಪತ್ತೊಂದು ಮಕ್ಕಳ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಅವು ಅದನ್ನು ತಮ್ಮ ತಮ್ಮ ಕೋಣೆಯ ಬಾಗಿಲಿಗೆ ಅಂಟಿಸಿಕೊಂಡವು. ಇಪ್ಪತ್ತೆರಡನೆಯವಳು ಸಾಲಿಗೆ ಬರಲಿಲ್ಲ. ಕಿಟಕಿಯ ಹತ್ತಿರ ನಿಂತು ಬ್ಯಾಗಿನ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು.

ಮಂಗಳವಾರ, ಬಟಾಣಿ

ಮಾರನೆಯ ದಿನ ಕೆರ್ತು ಐಲಾಳ ಬಿಳಿ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದರು. ಮಕ್ಕಳ ಮೇಲಿನ ನಿಲುವಂಗಿಯನ್ನು ಚರ್ಚು ಕೊಡುತ್ತದೆ, ಒಳಗಿನದು ಮನೆಯದು. ಆ ಉಡುಪಿನ ಕೊರಳಪಟ್ಟಿಗೆ ಅವರು ಬೆರಳಿನಿಂದ ನೀರು ಚಿಮುಕಿಸುತ್ತಿದ್ದುದನ್ನು ನೋಡುತ್ತಾ ನನಗೆ ಕೂರಲಾಗಲಿಲ್ಲ. ಹೊರಗೆ ಬಂದು ವೇಣಿಯ ಜೊತೆ ಬಟಾಣಿ ಸುಲಿಯಲು ಕುಳಿತು ಎಲ್ಲವನ್ನೂ ಹೇಳಿದೆ.

"ಅಕ್ಕಾ! ನೀನಾ? ನೀನು ಹಾಕ್ದ್ಯಾ?"

"ಮಗು ಕೇಳ್ತು ಕಣೆ. ಒಂದು ರುಜು ತಾನೆ."

"ಸೋಮವಾರ ಸೋಮವಾರ ಮಠದಾಗ ಮಕ್ಕಳಿಗೆ ಇದನ್ನೇ ಕಲಿಸ್ತೀಯೇನು?"

ನನಗೆ ಸಿಟ್ಟು ಬಂತು. "ನೀನು ಹಾಸ್ಟೆಲಿನಲ್ಲಿದ್ದಾಗ ಅಪ್ಪನ ರುಜು ಹಾಕಿ ಕಳಿಸ್ತಿದ್ದೋಳು ಯಾರೇ? ಆವಾಗ ಅಕ್ಕ ದೇವರು."

ವೇಣಿಗೆ ನಗು ಬಂದುಬಿಟ್ಟಿತು. ನಕ್ಕು, ಆಮೇಲೆ ಕೈಯಲ್ಲಿದ್ದ ಸಿಪ್ಪೆಯನ್ನು ಹಾಗೇ ಹಿಡಿದು ಕುಳಿತಳು. "ಅದಕ್ಕ ಹೇಳ್ತೀನಿ ಅಕ್ಕ. ನಮಗೆ ಅದು ಸಹಾಯ ಅನ್ನಿಸ್ತಿತ್ತು. ಆದ್ರ ಇವಳು ಭಾನುವಾರ ಎಲ್ಲರ ಎದುರಿಗೆ ನಿಂತು ಹೌದು ಅನ್ಬೇಕು. ಬಾಯಾಗ ಒಂದು ಸುಳ್ಳು ಇಟ್ಕಂಡು ಹೆಂಗ ಅಂತಾಳ?"

"ಹಾಗಾದ್ರೆ ನಾನೇ ಹೋಗಿ ಹೇಳಿಬಿಡ್ತೀನಿ."

"ಹೇಳಿದ್ರೆ ಅವಳು ಸಿಕ್ಕಿಬೀಳ್ತಾಳ. ನಿನ್ನದು ನೀನು ಹೇಳ್ಕೊ, ಅವಳದ್ದು ಅವಳಿಗೆ ಬಿಡು."

"ಬೇರೆ ಬೇರೆ ಮಾಡೋಕೆ ಬರುತ್ತಾ? ಇರೋದು ಒಂದೇ ರುಜು."

ವೇಣಿ ಸುಲಿದ ಬಟಾಣಿಯನ್ನು ಎತ್ತಿಕೊಂಡು ಒಳಗೆ ಹೋದಳು. ಆ ಸಂಜೆ ಸಿರಿಯ ಪಟ್ಟಿಯಲ್ಲಿ ಐಲಾಳ ಹೆಸರು ಬಂದಾಗ ನಾನು ಎದ್ದು ನೀರು ಕುಡಿಯಲು ಹೋದೆ.

ಬುಧವಾರ

ಬುಧವಾರ ಸಂಜೆ ಮನೆಯವರು ಕ್ಯಾಂಪಿಗೆ ಹೋಗಿ ಮಕ್ಕಳನ್ನು ನೋಡಬಹುದು. ನಾನು ಬಾಗಿಲು ದಾಟಿದವಳೇ ಫಲಕದ ಕಡೆ ನೋಡಿದೆ. ಚೀಟಿ ಇರಲಿಲ್ಲ. ಪಿನ್ನು ಮಾತ್ರ ಇತ್ತು.

ಹನ್ನಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನನಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದರು. ಐಲಾ ಹಿಂದಿನ ದಿನವೇ ಎಲ್ಲವನ್ನೂ ಹೇಳಿದ್ದಾಳೆ. ತಾನೇ ಚೀಟಿಯನ್ನು ಕಿತ್ತು ತಂದುಕೊಟ್ಟಳು. ಊರಿಂದ ಬಂದ ದೊಡ್ಡಮ್ಮನಿಗೆ ನಮ್ಮ ಭಾಷೆ ಓದಲು ಬರುವುದಿಲ್ಲ, ಯಾವುದಕ್ಕೆ ರುಜು ಹಾಕುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ, ನಾನೇ ಮೋಸದಿಂದ ಹಾಕಿಸಿಕೊಂಡೆ, ಬಾಗಿಲಲ್ಲಿ ಅವರ ಮಾತನ್ನೂ ನಾನೇ ತಿರುಚಿ ಹೇಳಿದೆ ಎಂದಳು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನೀವು ನಮ್ಮ ಅತಿಥಿ ಎಂದರು ಹನ್ನಾ.

ನಾನು ಐಲಾಳ ಕಡೆ ತಿರುಗಿದೆ. ಎರಡು ದಿನಕ್ಕೇ ಮುಖ ಇಳಿದುಹೋಗಿತ್ತು.

"ಹೇಳು" ಎಂದೆ. "ದೊಡ್ಡಮ್ಮಂಗೆ ಗೊತ್ತಿತ್ತು ಅಂತ ಹೇಳು."

"ಬ್ಯಾಡ ದೊಡ್ಡಮ್ಮ."

"ಹೇಳೇ."

"ನಾನು ಹೇಳಲ್ಲ. ನೀನು ಊರಿಗೆ ಹೋಗೋಳು, ಸುಮ್ನಿರು. ನಿನ್ನನ್ನ ಇವರೆಲ್ಲ ಒಳ್ಳೇರು ಅಂದ್ಕೊಂಡಾರೆ."

ನನ್ನ ಮಾತನ್ನು ದಾಟಿಸುವ ದೋಣಿಯೇ ದಡ ಬಿಡುವುದಿಲ್ಲ ಎಂದು ಕುಳಿತಿತ್ತು. ವೇಣಿ ಪಕ್ಕದಲ್ಲಿದ್ದಳು, ಅವಳು ಹೇಳಬಹುದಿತ್ತು. ಅವಳು ಹೇಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಶಿಕಾರಿಪುರದ ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡು ಎದೆ ಮುಟ್ಟಿಕೊಂಡು ಹೇಳಿದೆ: "ಐ ನೋ. ಐ ಸೈನ್, ಐ ನೋ. ಶಿ ನಾಟ್ ಇನ್ ಚರ್ಚ್. ಐ ನೋ."

ಆ ದೇಶದ ಜನಕ್ಕೆ ಸುಮ್ಮನಿರುವುದಕ್ಕೆ ಹೆದರಿಕೆಯಿಲ್ಲ. ನಮ್ಮಲ್ಲಾದರೆ ಇಷ್ಟರಲ್ಲಿ ಯಾರಾದರೂ "ಇರ್ಲಿ ಬಿಡ್ರೀ, ಮಕ್ಕಳ ವಿಷಯ" ಎಂದು ಮುಚ್ಚಿಹಾಕಿರುತ್ತಿದ್ದರು, ಇಲ್ಲವೇ ಮಗುವನ್ನು ನಡುವೆ ನಿಲ್ಲಿಸಿ ಹತ್ತು ಜನ ಬುದ್ಧಿ ಹೇಳಿರುತ್ತಿದ್ದರು. ಹನ್ನಾ ಎರಡನ್ನೂ ಮಾಡಲಿಲ್ಲ. ನಮ್ಮಿಬ್ಬರನ್ನೂ ಜನರಿಂದ ದೂರ, ದೋಣಿ ಕಟ್ಟುವ ಮರದ ಅಟ್ಟದ ಮೇಲೆ ಕೂರಿಸಿಕೊಂಡರು. ಬಹಳ ಹೊತ್ತು ನೀರು ನೋಡಿದರು. ಆಮೇಲೆ ಫಿನ್ನಿಷ್‌ನಲ್ಲಿ ಮಾತಾಡಿದರು. ಐಲಾ ಮೂಗು ಒರೆಸಿಕೊಳ್ಳುತ್ತಾ ಕನ್ನಡಕ್ಕೆ ತಂದಳು.

"ರುಜು ನನಗೋಸ್ಕರ ಅಲ್ಲ ಅಂತಾರೆ. ನೀನು ಅಲ್ಲಿದ್ದೆ ಅಂತ ಒಬ್ಬರಾದ್ರೂ ಹೇಳೋ ಹಂಗಿರ್ಬೇಕು, ಅಷ್ಟೇ ಅಂತಾರೆ." ಹನ್ನಾ ಮುಂದೆ ಹೇಳಿದ್ದನ್ನು ಕೇಳಿಸಿಕೊಂಡು, "ನಾಳೆ ವಯಸ್ಸಾದವರ ಮನೆಯಾಗೆ ಪ್ರಾರ್ಥನೆ ಐತಂತೆ. ಓದೋದು ನಾನು. ಅಲ್ಲಿ ಪಾಸ್ಟರ್ ಇರಲ್ಲ. ಅಲ್ಲಿಯ ಅಜ್ಜಿ ಅಜ್ಜ ಯಾರಾದ್ರೂ ರುಜು ಹಾಕಿದ್ರೆ ಭಾನುವಾರ ನಿಲ್ಲಬಹುದು. ಹಾಕ್ದಿದ್ರೆ ಇಲ್ಲ."

"ನಾನು?"

ಐಲಾ ಕೇಳಿದಳು. ಹನ್ನಾ ಮೊದಲ ಸಲ ನಕ್ಕರು.

"ನೀನೂ ಬರ್ಬೇಕಂತೆ. ಈ ಸಲ ಪಕ್ಕದಲ್ಲೇ ಕೂರ್ಬೇಕಂತೆ."

ಗುರುವಾರ

ಆ ವೃದ್ಧಾಶ್ರಮದ ಪಡಸಾಲೆಯಲ್ಲಿ ಎಂಟು ಜನರಿದ್ದರು. ಇಬ್ಬರು ಗಾಲಿ ಕುರ್ಚಿಯಲ್ಲಿ, ಒಬ್ಬರು ನಿದ್ದೆಯಲ್ಲಿ. ಐಲಾ ಮೇಣದ ಬತ್ತಿ ಹಚ್ಚಿ, ಪುಸ್ತಕ ತೆಗೆದು, ನಿಧಾನಕ್ಕೆ ಓದಿದಳು. ನಾನು ಪಕ್ಕದಲ್ಲಿ ಕುಳಿತಿದ್ದೆ. ವಾದ್ಯವಿಲ್ಲದೆ ಹಾಡು ಎತ್ತುವಾಗ ಅವಳ ದನಿ ನಡುಗಿತು. ಗಾಲಿ ಕುರ್ಚಿಯ ಅಜ್ಜನೊಬ್ಬ ದಪ್ಪ ದನಿಯಲ್ಲಿ ಸೇರಿಕೊಂಡ, ಆಮೇಲೆ ಎಚ್ಚರವಿದ್ದ ಉಳಿದವರೂ ಒಬ್ಬೊಬ್ಬರಾಗಿ ಸೇರಿದರು. ತಮ್ಮ ಮಕ್ಕಳ ಹೆಸರು ಮರೆತವರೂ ಅಲ್ಲಿದ್ದಾರಂತೆ, ಆದರೆ ಹಾಡು ಯಾರೂ ಮರೆತಿರಲಿಲ್ಲ. ಚಿಕ್ಕಂದಿನಲ್ಲಿ ಮಂಚದ ಅಂಚಿಗೆ ಕುಳಿತು ಯಾರೋ ಕಲಿಸಿದ್ದು ತೊಂಬತ್ತರವರೆಗೆ ಬಂದಿತ್ತು. ನನ್ನ ಸೋಮವಾರದ ಮಕ್ಕಳನ್ನು ನೆನೆದು, ಎಂಟನೇ ಕ್ಲಾಸಿಗೆ ಬಿಟ್ಟುಹೋದವು ನಿಜವಾಗಿ ಬಿಟ್ಟುಹೋಗಿರುತ್ತವೆಯೇ ಎಂದು ನಾನು ಅಲ್ಲಿ ಮೊದಲ ಸಲ ಅನುಮಾನಪಟ್ಟೆ.

ಹಾಡು ಮುಗಿದು ಕಾಫಿ ಬಂತು. ಐಲಾ ಹೊಸ ಹಳದಿ ಚೀಟಿಯನ್ನು ಹಿಡಿದು ನಿಂತಳು. ನೋಡಿಕೊಳ್ಳುವ ಹುಡುಗಿ ಕಿಟಕಿಯ ಬಳಿಯ ಅಜ್ಜಿಯನ್ನು ತೋರಿಸಿದಳು. ಆಕೆಯ ಹೆಸರು ಲೆಂಪಿ. ಶಾಲೆಯಲ್ಲಿ ಟೀಚರಾಗಿದ್ದವರು, ಬರೆಯುವುದೆಂದರೆ ಇಷ್ಟ, ಆದರೆ ಐದು ನಿಮಿಷದ ಹಿಂದಿನದು ನೆನಪಿರುವುದಿಲ್ಲ ಎಂದಳಂತೆ.

ಲೆಂಪಿ ಭೂತಗನ್ನಡಿ ತರಿಸಿ ಚೀಟಿಯನ್ನು ಮೇಲಿಂದ ಕೆಳಗೆ ಓದಿದರು. ಪೆನ್ನು ಹಿಡಿದರು. ಹಾಕಲಿಲ್ಲ. ತಲೆ ಎತ್ತಿ ಐಲಾಳನ್ನು ಏನೋ ಕೇಳಿದರು.

"ಪ್ರಾರ್ಥನೆಗೆ ನೀನು ಇದ್ಯಾ ಅಂತಾರೆ" ಎಂದಳು ಐಲಾ ಮೆಲ್ಲಗೆ. ಅಜ್ಜಿಗೆ ಉತ್ತರ ಕೊಟ್ಟಳು.

ಲೆಂಪಿ ತಲೆಯಾಡಿಸಿದರು. ಪೆನ್ನನ್ನು ಚೀಟಿಯ ಹತ್ತಿರ ಒಯ್ದರು. ಮತ್ತೆ ನಿಲ್ಲಿಸಿದರು. ಮತ್ತೆ ಕೇಳಿದರು. ಐಲಾ ಮತ್ತೆ ಹೇಳಿದಳು. ಈ ಸಲ ಅಜ್ಜಿಯ ಹುಬ್ಬು ಗಂಟಿಕ್ಕಿತು. ಕಣ್ಣು ಮುಚ್ಚಿಕೊಂಡು ನೆನಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು, ಕ್ಷಮೆ ಕೇಳುವವರಂತೆ ಐಲಾಳ ಕೈ ತಟ್ಟಿದರು.

"ನನಗೆ ಗೊತ್ತಿಲ್ಲದ್ದಕ್ಕೆ ನಾನು ರುಜು ಹಾಕಲ್ಲ ಮಗು ಅಂತಾರೆ." ಐಲಾಳ ಕಣ್ಣಲ್ಲಿ ನೀರಿತ್ತು, ಆದರೆ ಅವಳು ಚೀಟಿಯನ್ನು ಬೇರೆಯವರ ಹತ್ತಿರ ಒಯ್ಯಲಿಲ್ಲ. ಅಲ್ಲೇ ನಿಂತಳು.

ಮಗುವಿನ ಮುಖವನ್ನು ನೋಡುತ್ತಿದ್ದ ಲೆಂಪಿಯ ಕಣ್ಣು ಆಮೇಲೆ ಪಕ್ಕದ ನನ್ನ ಸೀರೆಯ ಮೇಲೆ ಬಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಟೀಚರ ದನಿಯಲ್ಲಿ ಒಂದು ಪ್ರಶ್ನೆ ಹಾಕಿದರು. ಐಲಾ ಒಮ್ಮೆಲೇ ಅನುವಾದ ಮಾಡಲಿಲ್ಲ. ನನ್ನ ಕಡೆ ತಿರುಗಿ, ಈ ಸಲ ಭುಜದ ಹಿಂದಿನ ಮರವನ್ನಲ್ಲ, ನನ್ನ ಕಣ್ಣನ್ನೇ ನೋಡಿದಳು.

"ಇವಳು ಇದ್ಲಾ ಅಂತ ನಿನ್ನ ಕೇಳ್ತಾರೆ ದೊಡ್ಡಮ್ಮ. ನೀನು ನೋಡಿದ್ಯಾ ಅಂತ."

"ಇದ್ಲು" ಎಂದೆ. "ನನ್ನ ಪಕ್ಕದಲ್ಲೇ ಕೂತಿದ್ಲು. ಓದಿದವಳು ಅವಳೇ."

ಐಲಾ ಅದನ್ನು ಫಿನ್ನಿಷ್‌ನಲ್ಲಿ ಹೇಳಿದಳು. ನನ್ನ ಮಾತು ಎಷ್ಟುದ್ದವೋ ಅಷ್ಟೇ ಉದ್ದ, ಆದರೆ ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದ ಅಜ್ಜ ಕಣ್ಣು ಬಿಡುವಷ್ಟು ಜೋರಾಗಿ.

ಲೆಂಪಿ ನನ್ನನ್ನು ಇನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದು, ಒಂದೊಂದೇ ಅಕ್ಷರವಾಗಿ ತಮ್ಮ ಹೆಸರು ಬರೆಯಲು ಶುರುಮಾಡಿದರು. ಕಾಫಿ ಆರಿತು. ಯಾರಿಗೂ ಅವಸರವಿರಲಿಲ್ಲ.